ಪ್ರೆಸ್ಟನ್ನಿನ ಪ್ಲಂಬರ್ ಮತ್ತು ಅವರನ್ನು ಕಟ್ಟಿಹಾಕಿದ ಕಾಗದ

(ಕ್ರೀಡಾ ಇತಿಹಾಸದಲ್ಲಿ ಆಸಕ್ತಿಯುಳ್ಳ ಗೆಳೆಯರ ಮುಂದೆ ಇತ್ತೀಚೆಗೆ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಗೆಳೆಯರೇ,

ಮಾತಿಗಿಂತ ಮೊದಲು ಈ ಚಿತ್ರವನ್ನು ಒಂದು ನಿಮಿಷ ನೋಡಿ. 1956ರ ಆಗಸ್ಟ್ ತಿಂಗಳು, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನ. ಚೆಲ್ಸಿ ಮತ್ತು ಪ್ರೆಸ್ಟನ್ ನಾರ್ತ್ ಎಂಡ್ ತಂಡಗಳ ನಡುವೆ ಫುಟ್‌ಬಾಲ್ ಪಂದ್ಯ. ಮಳೆ ಸುರಿದು ಮೈದಾನದಲ್ಲಿ ಕೆರೆಯಂತೆ ನೀರು ನಿಂತಿದೆ. ಆ ನೀರನ್ನು ಸೀಳಿಕೊಂಡು ಒಬ್ಬ ಆಟಗಾರ ಚೆಂಡಿನ ಹಿಂದೆ ಜಾರುತ್ತಿದ್ದಾರೆ. ನೀರು ಬೀಸಣಿಗೆಯಂತೆ ಬಿಚ್ಚಿಕೊಂಡು ಅವರ ಅರ್ಧ ಮೈಯನ್ನೇ ಮರೆಮಾಡಿದೆ. ಇನ್ನೇನು ಬೀಳುತ್ತಾರೆ ಅನ್ನಿಸುತ್ತದೆ, ಆದರೆ ಮನಸ್ಸು ಬೀಳುವುದರ ಮೇಲೆ ಇಲ್ಲ, ಚೆಂಡಿನ ಮೇಲಿದೆ. ಅವರಿಗೆ ಆಗ 34 ವರ್ಷ. ಹೆಸರು ಟಾಮ್ ಫಿನ್ನಿ.

ಆ ವರ್ಷದ ಅತ್ಯುತ್ತಮ ಕ್ರೀಡಾ ಛಾಯಾಚಿತ್ರವೆಂದು ಇದಕ್ಕೆ ಬಹುಮಾನ ಬಂತು. 2004ರಲ್ಲಿ ಶಿಲ್ಪಿ ಪೀಟರ್ ಹಾಡ್ಜ್‌ಕಿನ್ಸನ್ ಇದನ್ನೇ ಪ್ರತಿಮೆಯಾಗಿ ಮಾಡಿದರು. ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದ ಹೊರಗೆ ಆ ಪ್ರತಿಮೆ ಇದೆ. ಸುತ್ತ ಕಾರಂಜಿ ಇಟ್ಟು ನೀರು ಚಿಮ್ಮುವಂತೆ ಮಾಡಿದ್ದಾರೆ. ಬದುಕಿನುದ್ದಕ್ಕೂ ಕೊಳವೆ, ನಲ್ಲಿಗಳ ಕಸುಬನ್ನು ಬಿಡದ ಒಬ್ಬ ಪ್ಲಂಬರಿಗೆ ನೀರಿನ ನಡುವೆಯೇ ಪ್ರತಿಮೆ ಆಯಿತಲ್ಲ ಎಂದು ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

ಫಿನ್ನಿ ಹುಟ್ಟಿದ್ದು 1922ರ ಏಪ್ರಿಲ್ 5ರಂದು, ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಷೈರ್ ಸೀಮೆಯ ಪ್ರೆಸ್ಟನ್ ಪಟ್ಟಣದಲ್ಲಿ. ಅದು ಹತ್ತಿ ಗಿರಣಿಗಳ ಊರು. ನೂಲುವ ಯಂತ್ರದ ರಿಚರ್ಡ್ ಆರ್ಕ್‌ರೈಟ್ ಹುಟ್ಟಿದ್ದೂ ಅಲ್ಲಿಯೇ. ಫುಟ್‌ಬಾಲಿನಲ್ಲಿ ಅದು ಇನ್ನೂ ದೊಡ್ಡ ಹೆಸರು. 1888ರಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳು ಋತುವಿಡೀ ಒಂದರೊಡನೊಂದು ಆಡುವ ಲೀಗ್ ಶುರುವಾದಾಗ ಮೊದಲ ವರ್ಷವೇ ಒಂದೂ ಪಂದ್ಯ ಸೋಲದೆ ಗೆದ್ದ ತಂಡ ಪ್ರೆಸ್ಟನ್. ಅದೇ ಋತುವಿನಲ್ಲಿ, ಸೋತವರು ಹೊರಬೀಳುವ ಎಫ್.ಎ. ಕಪ್ ಟೂರ್ನಿಯನ್ನೂ ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದಿತು. ಫಿನ್ನಿ ಮನೆಯಿಂದ ಆ ಮೈದಾನಕ್ಕೆ ನಾಲ್ಕು ಹೆಜ್ಜೆ. ಹುಡುಗನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದ, ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದ ಸಣಕಲು ಹುಡುಗ. ಪ್ರೆಸ್ಟನ್ನಿಗೆ ಆಡುತ್ತಿದ್ದ ಅಲೆಕ್ಸ್ ಜೇಮ್ಸ್ ಅವನ ಕಣ್ಣಿಗೆ ದೇವರು. ಜೇಮ್ಸ್ ಚೆಂಡನ್ನು ಹೇಗೆ ತಿರುಗಿಸುತ್ತಾರೋ ಹಾಗೆಯೇ ಬೀದಿಯಲ್ಲಿ ತಿರುಗಿಸುವುದು ಅವನ ದಿನಚರಿ. ಹುಟ್ಟಿನಿಂದ ಎಡಗಾಲಿನವನಾದರೂ ಹಟಕ್ಕೆ ಬಿದ್ದು ಬಲಗಾಲನ್ನು ಅಷ್ಟೇ ಚುರುಕಾಗಿ ಪಳಗಿಸಿಕೊಂಡ.

ಹದಿನಾಲ್ಕನೆಯ ವಯಸ್ಸಿನಲ್ಲಿ ಕ್ಲಬ್ಬಿನಿಂದ ಕರೆ ಬಂತು. ಮೈದಾನದ ಸಿಬ್ಬಂದಿಯಾಗಿ ಸೇರಿದರೆ ವಾರಕ್ಕೆ ಎರಡೂವರೆ ಪೌಂಡ್ ಸಂಬಳ. ಯಾವ ಹುಡುಗ ಬೇಡ ಎನ್ನುತ್ತಾನೆ? ಬೇಡ ಎಂದವರು ಅಪ್ಪ. ಹಿಡಿದ ಪ್ಲಂಬಿಂಗ್ ಕಸುಬನ್ನು ಮೊದಲು ಪೂರ್ತಿ ಕಲಿತು ಮುಗಿಸು, ಆಟ ಆಮೇಲೆ ಎಂದರು. ಮಗ ಅತ್ತಿರಬೇಕು. ಆದರೂ ಹಗಲು ಕೊಳಾಯಿ ಕೆಲಸ, ಸಂಜೆ ಡೀಪ್‌ಡೇಲಿನಲ್ಲಿ ತರಬೇತಿ ಎಂಬ ಏರ್ಪಾಟಿಗೆ ಒಗ್ಗಿಕೊಂಡ. ಆ ಅಪ್ಪನ ಹಟವನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಕಾಲು ಮುರಿದರೆ ಆಟಗಾರನ ಮನೆಯ ಒಲೆ ಆರುತ್ತಿದ್ದ ಕಾಲ ಅದು.

1940ರ ಜನವರಿಯಲ್ಲಿ ಫಿನ್ನಿ ವೃತ್ತಿಪರ ಆಟಗಾರರಾಗಿ ಸಹಿ ಹಾಕಿದರು. ಅಷ್ಟರಲ್ಲಿ ಯುದ್ಧ ಶುರುವಾಗಿ ಲೀಗ್ ನಿಂತೇಹೋಗಿತ್ತು. ಯುದ್ಧಕಾಲದ ಬದಲಿ ಟೂರ್ನಿಗಳಲ್ಲಿ ಆಡಿದರು. 1941ರಲ್ಲಿ ಆರ್ಸೆನಲ್ ವಿರುದ್ಧ ವೆಂಬ್ಲಿಯಲ್ಲಿ ಕಪ್ ಫೈನಲ್ ಸಮವಾಗಿ, ಮರುಪಂದ್ಯದಲ್ಲಿ ಪ್ರೆಸ್ಟನ್ ಗೆದ್ದಿತು. ಮರುವರ್ಷ ಸೈನ್ಯಕ್ಕೆ ಕರೆ ಬಂತು. ಈಜಿಪ್ಟಿಗೆ ಹೋದರು, ಬ್ರಿಟಿಷ್ ಸೇನಾನಿ ಮಾಂಟ್‌ಗೊಮರಿಯ ಎಂಟನೆಯ ಸೇನೆಯನ್ನು ಸೇರಿದರು, ಕೊನೆಗೆ ಇಟಲಿಯಲ್ಲಿ ಟ್ಯಾಂಕ್ ಓಡಿಸಿದರು. ಪ್ರೆಸ್ಟನ್ನಿನ ಪರವಾಗಿ ಲೀಗಿನ ಮೊದಲ ಪಂದ್ಯ ಆಡಿದ್ದು 1946ರ ಆಗಸ್ಟ್ 31ರಂದು, ಲೀಡ್ಸ್ ವಿರುದ್ಧ. ಅವರಿಗೆ ಆಗಲೇ 24 ತುಂಬಿತ್ತು. ಹದಿನೇಳರಿಂದ ಇಪ್ಪತ್ತನಾಲ್ಕರವರೆಗಿನ ವಯಸ್ಸು ವಿಂಗರ್ ಆಟಗಾರನಿಗೆ, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನಿಗೆ, ಚಿನ್ನದ ಕಾಲ. ಯುದ್ಧ ಅದನ್ನು ನುಂಗಿತ್ತು. ಒಂದು ತಿಂಗಳು ತುಂಬುವುದರೊಳಗೆ ಇಂಗ್ಲೆಂಡ್ ತಂಡದಿಂದ ಕರೆ ಬಂತು. ಬೆಲ್‌ಫಾಸ್ಟಿನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ 7–2 ಗೆಲುವು, ಅದರಲ್ಲಿ ಫಿನ್ನಿಯದೂ ಒಂದು ಗೋಲು.

ಆ ಜಾಗ ಸಿಕ್ಕಿದ್ದು ಆ ಕಾಲದ ಮತ್ತೊಬ್ಬ ಹೆಸರಾಂತ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ ಗಾಯಗೊಂಡಿದ್ದರಿಂದ. (ಇಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: ‘ಮ್ಯಾಥ್ಯೂಸ್ ದೊಡ್ಡವರೋ, ಫಿನ್ನಿ ದೊಡ್ಡವರೋ?’) ಈ ಪ್ರಶ್ನೆಗೆ ಲ್ಯಾಂಕಷೈರಿನಲ್ಲಿ ಮನೆ ಮನೆಗಳೇ ಇಬ್ಭಾಗವಾಗಿದ್ದವು. ಏಕೆಂದರೆ ಮ್ಯಾಥ್ಯೂಸ್ ಆಡುತ್ತಿದ್ದ ಬ್ಲ್ಯಾಕ್‌ಪೂಲ್ ಪ್ರೆಸ್ಟನ್ನಿಗೆ ನೆರೆಯೂರು. ಇಬ್ಬರೂ ಬಲ ವಿಂಗಿನವರು. ತಂಡವನ್ನು ಆರಿಸುತ್ತಿದ್ದ ಸಮಿತಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ಇಳಿಸುತ್ತಿತ್ತು. 1947ರ ಮೇ ತಿಂಗಳಲ್ಲಿ ಲಿಸ್ಬನ್ನಿನಲ್ಲಿ ಇಬ್ಬರನ್ನೂ ಒಟ್ಟಿಗೆ ಇಳಿಸಿದರು. ಮ್ಯಾಥ್ಯೂಸ್ ಬಲಕ್ಕೆ, ಫಿನ್ನಿ ಎಡಕ್ಕೆ. ಇಂಗ್ಲೆಂಡ್ ಪೋರ್ಚುಗಲ್ ಮೇಲೆ ಹತ್ತು ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎದುರು ಕಾಯುವ ರಕ್ಷಣಾ ಆಟಗಾರನನ್ನು, ಅಂದರೆ ಫುಲ್‌ಬ್ಯಾಕನ್ನು, ಮೋಡಿ ಮಾಡುವುದರಲ್ಲಿ ಮ್ಯಾಥ್ಯೂಸರನ್ನು ಮೀರಿಸಿದವರಿಲ್ಲ. ಆದರೆ ಬಲಕ್ಕೂ ಎಡಕ್ಕೂ ನಡುವಿಗೂ ನಿಲ್ಲಬಲ್ಲ, ಎರಡೂ ಕಾಲಿನಿಂದ ಗೋಲು ಹೊಡೆಯಬಲ್ಲ, ತಲೆಯಿಂದಲೂ ಹೊಡೆಯಬಲ್ಲ, ಚೆಂಡು ಕಳೆದುಕೊಂಡರೆ ಹಿಂದೆ ಓಡಿಬಂದು ಕಸಿದುಕೊಳ್ಳಬಲ್ಲ ಆಟಗಾರ ಬೇಕೆಂದರೆ ಫಿನ್ನಿಯನ್ನೇ ಹುಡುಕಬೇಕು. ಮ್ಯಾಥ್ಯೂಸ್ ಇಂಗ್ಲೆಂಡಿಗೆ 54 ಪಂದ್ಯ ಆಡಿ 11 ಗೋಲು ಗಳಿಸಿದರು. ಫಿನ್ನಿ 76 ಪಂದ್ಯ, 30 ಗೋಲು. ಹಾಗೆಂದು ಮ್ಯಾಥ್ಯೂಸ್ ಕಡಿಮೆಯವರು ಎನ್ನುವ ಮಾತನ್ನು ನಾನು ಆಡುವುದಿಲ್ಲ. ನನಗೆ ಒಬ್ಬರನ್ನೇ ಆರಿಸಿಕೊಳ್ಳಿ ಎಂದರೆ ಫಿನ್ನಿಯನ್ನು ಆರಿಸಿಕೊಳ್ಳುತ್ತೇನೆ.

ಬಿಲ್ ಶ್ಯಾಂಕ್ಲಿ ನನಗಿಂತ ನೂರು ಪಾಲು ಬಲ್ಲವರು. ಮುಂದೆ ಲಿವರ್‌ಪೂಲನ್ನು ಕಟ್ಟಿ ನಿಲ್ಲಿಸಿದ ಅದೇ ಶ್ಯಾಂಕ್ಲಿ. ಪ್ರೆಸ್ಟನ್ನಿನಲ್ಲಿ ಫಿನ್ನಿಯ ಹಿಂದೆಯೇ ನಿಂತು ಆಡುತ್ತಿದ್ದವರು. ಯಾವ ಕಾಲದಲ್ಲೇ ಆಗಲಿ, ಯಾವ ತಂಡದಲ್ಲೇ ಆಗಲಿ, ಮೈಮೇಲೆ ಓವರ್‌ಕೋಟ್ ಹಾಕಿಕೊಂಡು ಆಡಿದರೂ ಫಿನ್ನಿ ಮಹಾನ್ ಆಟಗಾರರೇ ಆಗಿರುತ್ತಿದ್ದರು ಎಂದು ಅವರು ಹೇಳಿದ್ದಾರೆ. ನೀರು ಕುಡಿದು ಭಾರವಾಗುತ್ತಿದ್ದ ಚರ್ಮದ ಚೆಂಡು, ಕಣಕಾಲು ಮುಚ್ಚುವ ಬೂಟು, ಕೆಸರು. ಅದರ ಮೇಲೆ ಬದಲಿ ಆಟಗಾರರಿಗೆ ಅವಕಾಶವೇ ಇರಲಿಲ್ಲ. ಇಂಗ್ಲಿಷ್ ಲೀಗಿನಲ್ಲಿ ಬದಲಿ ಆಟಗಾರ ಬಂದದ್ದು 1965ರಲ್ಲಿ. ಅಲ್ಲಿಯವರೆಗೆ ಗಾಯವಾದರೂ ಕುಂಟುತ್ತ ಮೈದಾನದಲ್ಲೇ ಉಳಿಯಬೇಕು. ವಿಂಗರುಗಳ ಮೊಣಕಾಲಿಗೆ ಒದೆ ಬೀಳದ ಶನಿವಾರವಿರಲಿಲ್ಲ. ಇಷ್ಟೆಲ್ಲ ಇದ್ದೂ ಫಿನ್ನಿ ತಮ್ಮ ವೃತ್ತಿಯುದ್ದಕ್ಕೂ ಒಮ್ಮೆಯೂ ರೆಫರಿಯಿಂದ ಎಚ್ಚರಿಕೆ ಪಡೆದವರಲ್ಲ, ಹೊರಗೆ ಕಳಿಸಿಕೊಂಡವರಲ್ಲ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ.

ಫಿನ್ನಿ ಬಗ್ಗೆ ಯಾರು ಮಾತನಾಡಿದರೂ ‘ಒಂದೇ ಕ್ಲಬ್ಬಿಗೆ ನಿಷ್ಠರಾಗಿದ್ದವರು’ ಎಂಬ ಮಾತು ಬಂದೇ ಬರುತ್ತದೆ. ಇಂದಿನ ಆಟಗಾರರು ಹಣದ ಹಿಂದೆ ಹೋಗುತ್ತಾರೆ, ಅಂದಿನವರು ಊರನ್ನು ಬಿಟ್ಟು ಹೋಗುತ್ತಿರಲಿಲ್ಲ ಎಂಬ ನಿಟ್ಟುಸಿರು ಅದರ ಬೆನ್ನಿಗೇ ಬರುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಹೇಳುತ್ತಿದ್ದೆ. ಆಮೇಲೆ 1952ರ ಕತೆಯನ್ನು ಓದಿದೆ.

ಆ ವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡ್ ತಂಡ ಇಟಲಿ ಪ್ರವಾಸದಲ್ಲಿತ್ತು. ಫ್ಲಾರೆನ್ಸಿನಲ್ಲಿ ಪಂದ್ಯ ಸಮವಾಯಿತು. ಸಿಸಿಲಿಯ ಪಲೆರ್ಮೋ ಕ್ಲಬ್ಬಿನ ಅಧ್ಯಕ್ಷ, ರಾಜಮನೆತನದ ಲಾಂಝಾ ಡಿ ಟ್ರಾಬಿಯಾ ಅವರು ಫಿನ್ನಿಯ ಮುಂದೆ ಒಂದು ಪ್ರಸ್ತಾಪ ಇಟ್ಟರು. ಸಹಿ ಹಾಕಿದ ಕೂಡಲೇ 10,000 ಪೌಂಡ್. ತಿಂಗಳಿಗೆ 130 ಪೌಂಡ್ ಸಂಬಳ, ಅದರ ಮೇಲೆ ಬೋನಸ್. ಇರಲು ಮನೆ, ಓಡಾಡಲು ಕಾರು. ಫಿನ್ನಿಗೆ ಪ್ರೆಸ್ಟನ್ನಿನಲ್ಲಿ ಸಿಗುತ್ತಿದ್ದದ್ದು ವಾರಕ್ಕೆ 14 ಪೌಂಡ್. ಲೆಕ್ಕ ಹಾಕಿ ನೋಡಿ. ವರ್ಷದ ಐವತ್ತೆರಡು ವಾರವೂ ಪೂರ್ತಿ 14 ಪೌಂಡ್ ಸಿಕ್ಕಿತೆಂದೇ ಹಿಡಿದರೂ ಹತ್ತು ಸಾವಿರ ಮುಟ್ಟಲು ಹದಿಮೂರು ವರ್ಷ ದಾಟುತ್ತದೆ. ಫಿನ್ನಿ ಲೀಗಿನಲ್ಲಿ ಆಡಿದ್ದೇ ಒಟ್ಟು ಹದಿನಾಲ್ಕು ಋತು. ಇಡೀ ಬಾಳಿನ ದುಡಿಮೆಯಷ್ಟು ಹಣ ಒಂದು ಸಹಿಯ ದೂರದಲ್ಲಿತ್ತು.

ಊರಿಗೆ ಮರಳಿದ ಫಿನ್ನಿ ಕ್ಲಬ್ಬಿನ ಅಧ್ಯಕ್ಷ ನ್ಯಾಟ್ ಬಕ್ ಅವರ ಬಳಿ ವಿಷಯ ಪ್ರಸ್ತಾಪಿಸಿದರು. ಬಕ್ ಕೊಟ್ಟ ಉತ್ತರವನ್ನು ಫಿನ್ನಿ ಮುಂದೆ ಹಲವು ಸಲ ನೆನಪಿಸಿಕೊಂಡಿದ್ದಾರೆ. ಅಚ್ಚ ಲ್ಯಾಂಕಷೈರ್ ಮಾತಿನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟೇ: ನೀನು ಪ್ರೆಸ್ಟನ್ನಿಗೆ ಆಡದಿದ್ದರೆ ಯಾರಿಗೂ ಆಡುವುದಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಬಕ್ ಆಡಿದ್ದು ಬರಿಯ ಬೆದರಿಕೆ ಆಗಿರಲಿಲ್ಲ. ಕಾನೂನು ಅವರ ಕೈಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂಗ್ಲೆಂಡಿನ ಲೀಗಿನಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಆಟಗಾರನ ನೋಂದಣಿ ಕ್ಲಬ್ಬಿನ ಸ್ವತ್ತು. ಒಪ್ಪಂದ ಒಂದು ವರ್ಷದ್ದು. ವರ್ಷ ಮುಗಿದಾಗ ಕ್ಲಬ್ ಅವನನ್ನು ‘ಉಳಿಸಿಕೊಂಡವರ’ ಪಟ್ಟಿಗೆ ಸೇರಿಸಿದರೆ ಕತೆ ಮುಗಿಯಿತು. ಅವರು ಹೇಳಿದ ಷರತ್ತಿಗೆ ಸಹಿ ಹಾಕಬೇಕು. ಹಾಕದಿದ್ದರೆ ಸಂಬಳ ಇಲ್ಲ, ಬೇರೆ ಕ್ಲಬ್ಬಿಗೆ ಹೋಗುವಂತೆಯೂ ಇಲ್ಲ. ಒಪ್ಪಂದ ಮುಗಿದ ಮೇಲೂ ಮುಗಿಯದ ಒಪ್ಪಂದ ಅದು. ಇದರ ಜೊತೆಗೆ 1901ರಿಂದ ಗರಿಷ್ಠ ಸಂಬಳದ ಮಿತಿ. ಆಗ ವಾರಕ್ಕೆ 4 ಪೌಂಡ್ ಇದ್ದದ್ದು 1947ರಲ್ಲಿ 12, 1951ರಲ್ಲಿ 14, 1958ರಲ್ಲಿ 20. ದೇಶದ ಅತ್ಯುತ್ತಮ ಆಟಗಾರನಾದರೂ ಅದರ ಮೇಲೆ ಒಂದು ಪೆನ್ನಿ ಕೊಡುವಂತಿಲ್ಲ. ಬೇಸಿಗೆಯಲ್ಲಿ ಪಂದ್ಯವಿಲ್ಲವೆಂದು ಸಂಬಳ ಇನ್ನೂ ಕಡಿಮೆ. 1948–49ರ ಒಂದೇ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ಟಿಕೆಟ್ ಕೊಂಡು ಬಂದವರ ಎಣಿಕೆ ನಾಲ್ಕು ಕೋಟಿ ದಾಟಿತ್ತು. ಆ ಜನರನ್ನು ಕರೆತಂದ ಕಾಲುಗಳಿಗೆ ಸಿಕ್ಕಿದ್ದು ಇಷ್ಟು.

ಇದನ್ನು ಜೀತ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ನಮ್ಮ ಸೀಮೆಯಲ್ಲಿ ಜೀತ ಎಂದರೆ ಏನೆಂದು ನಮ್ಮ ಹಿರಿಯರು ಕಂಡಿದ್ದಾರೆ. ಆ ನೋವಿನ ಪಕ್ಕದಲ್ಲಿ ಇದನ್ನು ಇಡಲಾಗದು. ಆದರೆ ಆಟಗಾರರ ಸಂಘದ ಮುಖ್ಯಸ್ಥರಾಗಿದ್ದ ಜಿಮ್ಮಿ ಗತ್ರಿ 1955ರಲ್ಲಿ ಕಾರ್ಮಿಕ ಸಂಘಗಳ ಮಹಾಸಮ್ಮೇಳನದಲ್ಲಿ ಎದ್ದು ನಿಂತು, ಬ್ರಿಟನ್ನಿನಲ್ಲಿ ಉಳಿದಿರುವ ಕಟ್ಟಕಡೆಯ ಬಂಧಿತ ದುಡಿಮೆಗಾರರ ಪ್ರತಿನಿಧಿಯಾಗಿ ಬಂದಿದ್ದೇನೆ ಎಂದು ಹೇಳಿದರು. ಅದು ಅವರು ತಾವೇ ಆರಿಸಿಕೊಂಡ ಮಾತು. ಅದನ್ನು ಕೇಳಿಸಿಕೊಳ್ಳಬೇಕು.

ಎದುರು ನಿಂತವರು ಇರಲಿಲ್ಲವೇ? ಇದ್ದರು. ಮಿಡಲ್ಸ್‌ಬರೋ ಕ್ಲಬ್ಬಿನ ವಿಲ್ಫ್ ಮ್ಯಾನಿಯನ್ 1948ರಲ್ಲಿ ಸಹಿ ಹಾಕಲು ಒಪ್ಪದೆ ತಿಂಗಳುಗಟ್ಟಲೆ ಆಡದೆ ಕುಳಿತರು. ಇಂಗ್ಲೆಂಡ್ ತಂಡದ ಕಣ್ಮಣಿ ಅವರು. ಕೊನೆಗೆ 1949ರ ಆರಂಭದಲ್ಲಿ ಅದೇ ಕ್ಲಬ್ಬಿಗೆ ಹಿಂತಿರುಗಬೇಕಾಯಿತು. ಸ್ಟೋಕ್ ತಂಡದ ನೀಲ್ ಫ್ರಾಂಕ್ಲಿನ್ 1950ರಲ್ಲಿ ವಿಶ್ವಕಪ್ಪನ್ನೂ ಬಿಟ್ಟು ಕೊಲಂಬಿಯಾದ ಬೊಗೊಟಾಗೆ ಹೊರಟರು. ಹೆಚ್ಚು ದಿನ ನಿಲ್ಲಲಾಗದೆ ಮರಳಿದಾಗ ನಿಷೇಧ ಕಾದಿತ್ತು. ಮತ್ತೆಂದೂ ಇಂಗ್ಲೆಂಡಿಗೆ ಆಡಲಿಲ್ಲ. ಇನ್ನೊಂದು ಕಡೆ ವೇಲ್ಸಿನ ಜಾನ್ ಚಾರ್ಲ್ಸ್ 1957ರಲ್ಲಿ ಇಟಲಿಯ ಯುವೆಂಟಸ್ ಸೇರಿದರು, 65,000 ಪೌಂಡಿಗೆ. ಅವರಿಗೆ ಬಾಗಿಲು ತೆರೆದದ್ದೇಕೆ? ಹಿಂದಿನ ವರ್ಷ ಲೀಡ್ಸ್ ಮೈದಾನದ ಪಶ್ಚಿಮದ ಸ್ಟ್ಯಾಂಡ್ ಸುಟ್ಟುಹೋಗಿತ್ತು, ಕ್ಲಬ್ಬಿಗೆ ಹಣ ಬೇಕಿತ್ತು. ಬಾಗಿಲಿನ ಚಿಲಕ ಯಾವಾಗಲೂ ಹೊರಗಡೆಗೇ ಇರುತ್ತಿತ್ತು.

ಆದ್ದರಿಂದಲೇ ಫಿನ್ನಿಯ ಊರಿನ ಪ್ರೀತಿಯನ್ನು ನಾನು ಎರಡಾಗಿ ಬಿಡಿಸಿ ನೋಡುತ್ತೇನೆ. ಪ್ರೀತಿ ಅವರದು. ಅದರಲ್ಲಿ ನನಗೆ ಅನುಮಾನವಿಲ್ಲ, ಸಾಯುವವರೆಗೂ ಅವರು ಪ್ರೆಸ್ಟನ್ನಿನವರೇ. ಆದರೆ ಆ ಪ್ರೀತಿಯನ್ನು ಪರೀಕ್ಷಿಸುವ ಅವಕಾಶವನ್ನೇ ಅವರಿಗೆ ಕೊಡಲಿಲ್ಲ. ಪಲೆರ್ಮೋಗೆ ಹೋಗಬಲ್ಲವರಾಗಿದ್ದೂ ‘ಬೇಡ, ನನ್ನ ಊರು ಸಾಕು’ ಎಂದು ಅವರೇ ಹೇಳಿದ್ದರೆ ಅದನ್ನು ನಾವು ನಿಷ್ಠೆ ಎಂದು ಕೊಂಡಾಡಬಹುದಿತ್ತು. ಬೇಡ ಎನ್ನುವ ಹಕ್ಕನ್ನೂ ಬಕ್ ಅವರೇ ಚಲಾಯಿಸಿಬಿಟ್ಟರು. ಫಿನ್ನಿ ಈ ಬಗ್ಗೆ ಮುಂದೆ ಮಾತನಾಡಿದಾಗ ಕಹಿ ಕಾರಲಿಲ್ಲ. ಅದು ಅವರ ದೊಡ್ಡತನ. ಆ ದೊಡ್ಡತನವನ್ನು ಕ್ಲಬ್ಬುಗಳ ಲೆಕ್ಕಕ್ಕೆ ಜಮಾ ಮಾಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಅವರಿಗೆ ಸ್ವಾತಂತ್ರ್ಯ ಕೊಟ್ಟದ್ದು ಅಪ್ಪ ಕಲಿಸಿದ ಕಸುಬು. ಯುದ್ಧದ ನಂತರ ಅವರು ತಮ್ಮದೇ ಪ್ಲಂಬಿಂಗ್ ಸಂಸ್ಥೆ ಕಟ್ಟಿದರು. ಬೆಳಿಗ್ಗೆ ತರಬೇತಿ, ಆಮೇಲೆ ಕೆಲಸ. ಶನಿವಾರ ಡೀಪ್‌ಡೇಲಿನಲ್ಲಿ ಮೂವತ್ತು ಸಾವಿರ ಜನ ಚಪ್ಪಾಳೆ ತಟ್ಟಿದ ವ್ಯಕ್ತಿ ವಾರದ ನಡುವೆ ಊರಿನ ಕಟ್ಟಡಗಳಲ್ಲಿ ಕೊಳವೆಗಳ ಲೆಕ್ಕ ಹಾಕುತ್ತಿದ್ದರು. ‘ಪ್ರೆಸ್ಟನ್ನಿನ ಪ್ಲಂಬರ್’ ಎಂಬ ಹೆಸರು ಹೀಗೆ ನಿಂತಿತು. ಈ ಹೆಸರನ್ನು ಇಂದು ಪ್ರೀತಿಯಿಂದ ಹೇಳುತ್ತೇವೆ. ಅಡ್ಡಹೆಸರಿನ ಹಿಂದೆ ಒಂದು ಜಾಗರೂಕ ಬದುಕಿನ ಲೆಕ್ಕಾಚಾರ ಇತ್ತು.

ಕಪ್ಪುಗಳ ವಿಚಾರ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಹೇಳಲು ಹೆಚ್ಚಿಲ್ಲ. ದೊಡ್ಡ ಪ್ರಶಸ್ತಿ ಒಂದನ್ನೂ ಫಿನ್ನಿ ಗೆಲ್ಲಲಿಲ್ಲ. 1949ರಲ್ಲಿ ಪ್ರೆಸ್ಟನ್ ಲೀಗಿನ ಕೆಳ ದರ್ಜೆಯಾದ ಎರಡನೆಯ ಡಿವಿಜನ್ನಿಗೆ ಇಳಿಯಿತು, 1951ರಲ್ಲಿ ಗೆದ್ದು ಮೇಲೆ ಬಂತು. 1952–53ರಲ್ಲಿ ಆರ್ಸೆನಲ್ ಮತ್ತು ಪ್ರೆಸ್ಟನ್ ಎರಡೂ 54 ಅಂಕ. ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವ ಆ ಕಾಲದ ಸರಾಸರಿಯಲ್ಲಿ ದಶಮಾಂಶದ ಅಂತರದಿಂದ ಪ್ರಶಸ್ತಿ ಆರ್ಸೆನಲ್ ಪಾಲಾಯಿತು. ಆರ್ಸೆನಲ್ ಕೊನೆಯ ಪಂದ್ಯ ಗೆದ್ದದ್ದು ಮೇ 1ರ ಶುಕ್ರವಾರ. ಮರುದಿನವೇ ವೆಂಬ್ಲಿಯಲ್ಲಿ 38 ವರ್ಷದ ಮ್ಯಾಥ್ಯೂಸರ ಕೊರಳಿಗೆ ಕಪ್ ಫೈನಲಿನ ಗೆಲುವು ಬಂತು, ದೇಶವೇ ಕಣ್ಣೀರಿಟ್ಟು ಸಂಭ್ರಮಿಸಿತು. ಮುಂದಿನ ವರ್ಷ ಅದೇ ವೆಂಬ್ಲಿಗೆ ಫಿನ್ನಿ ನಾಯಕರಾಗಿ ಬಂದರು. ವೆಸ್ಟ್ ಬ್ರಾಮ್ವಿಚ್ ವಿರುದ್ಧ ಒಂದು ಹಂತದಲ್ಲಿ 2–1 ಮುಂದಿದ್ದೂ ಪ್ರೆಸ್ಟನ್ 3–2ರಿಂದ ಸೋತಿತು. ಫಿನ್ನಿ ಅಂದು ತಮ್ಮ ಆಟ ಆಡಲೇ ಇಲ್ಲ. 1958ರಲ್ಲಿ ಮತ್ತೆ ಲೀಗಿನ ಎರಡನೆಯ ಸ್ಥಾನ. ವೈಯಕ್ತಿಕ ಗೌರವಕ್ಕೆ ಮಾತ್ರ ಕೊರತೆಯಾಗಲಿಲ್ಲ. ಇಂಗ್ಲೆಂಡಿನ ವರ್ಷದ ಆಟಗಾರ ಪ್ರಶಸ್ತಿಯನ್ನು 1954ರಲ್ಲಿ, ಮತ್ತೆ 1957ರಲ್ಲಿ ಪಡೆದರು. ಎರಡು ಸಲ ಪಡೆದ ಮೊದಲಿಗರು ಅವರೇ. ಎರಡನೆಯ ಸಲದ ಹೊತ್ತಿಗೆ ವಿಂಗಿನಿಂದ ದಾಳಿಯ ನಟ್ಟನಡುವಿನ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಬಂದಿದ್ದರು. ಮೂವತ್ತನಾಲ್ಕರಲ್ಲಿ ಹೊಸ ಜಾಗ ಕಲಿತು ಶಿಖರ ಮುಟ್ಟುವುದು ಎಷ್ಟು ಜನರಿಗೆ ಸಾಧ್ಯ?

ವಿಶ್ವಕಪ್ಪುಗಳಲ್ಲಿ ಒಂದು ದೃಶ್ಯವನ್ನು ಮಾತ್ರ ಹೇಳುತ್ತೇನೆ. 1950ರಲ್ಲಿ ಅಮೆರಿಕದ ಎದುರು 1–0ಯಿಂದ ಸೋತ ಆ ಮರೆಯಲಾಗದ ದಿನವೂ ಅವರು ತಂಡದಲ್ಲಿದ್ದರು, ಅದನ್ನು ಬಿಡೋಣ. 1958, ಸ್ವೀಡನ್ನಿನ ಗೋಥೆನ್‌ಬರ್ಗ್. ಸೋವಿಯತ್ ಒಕ್ಕೂಟದ ಮುಂದೆ ಇಂಗ್ಲೆಂಡ್ 2–1ರಿಂದ ಹಿಂದಿದೆ, ಕೊನೆಯ ನಿಮಿಷಗಳು. ಪೆನಾಲ್ಟಿ ಸಿಕ್ಕಿತು. ಗೋಲಿನಲ್ಲಿ ಕಪ್ಪು ಉಡುಪಿನ ಲೆವ್ ಯಾಶಿನ್. ಫಿನ್ನಿ ಪೆನಾಲ್ಟಿಗೆ ಸಾಮಾನ್ಯವಾಗಿ ಎಡಗಾಲನ್ನು ಬಳಸುವವರು. ಅಂದು ಬಲಗಾಲಿನಿಂದ ಹೊಡೆದರು. ಚೆಂಡು ಬಲೆ ಸೇರಿತು. ಬೀದಿಯಲ್ಲಿ ಹಟ ಹಿಡಿದು ಬಲಗಾಲು ಪಳಗಿಸಿದ ಹುಡುಗ ಮೂವತ್ತಾರರ ವಯಸ್ಸಿನಲ್ಲಿ ಅದನ್ನು ನಂಬಿದ. ಗಾಯದಿಂದಾಗಿ ಆ ಟೂರ್ನಿಯಲ್ಲಿ ಅವರು ಮತ್ತೆ ಇಳಿಯಲಾಗಲಿಲ್ಲ.

1960ರ ಏಪ್ರಿಲ್ 30ರಂದು ಲೂಟನ್ ವಿರುದ್ಧ ಡೀಪ್‌ಡೇಲಿನಲ್ಲಿ ಕೊನೆಯ ಪಂದ್ಯ. ಮೈದಾನದ ನಡುವೆ ಆಟಗಾರರು ಕೈ ಕೈ ಹಿಡಿದು ವಿದಾಯದ ಹಾಡು ಹಾಡಿದರು, ಫಿನ್ನಿ ಮೈಕಿನ ಮುಂದೆ ನಿಂತು ಊರಿಗೆ ಧನ್ಯವಾದ ಹೇಳಿದರು. ಲೀಗಿನಲ್ಲಿ 433 ಪಂದ್ಯ, 187 ಗೋಲು. ಒಂದೇ ಒಂದು ವರ್ಷ ಕಳೆಯುವುದರೊಳಗೆ ಪ್ರೆಸ್ಟನ್ ಮೊದಲ ಡಿವಿಜನ್ನಿನಿಂದ ಕೆಳಗಿಳಿಯಿತು. ಆ ಎತ್ತರಕ್ಕೆ ಮತ್ತೆ ಏರಿಲ್ಲ.

(ಕೊನೆಯಲ್ಲಿ ಯುವಕನೊಬ್ಬ ಕೇಳಿದ: ‘ಸರ್, ಆ ಕಾಗದದ ಕಟ್ಟು ಕೊನೆಗೆ ಬಿಚ್ಚಿತೇ? ಫಿನ್ನಿಗೆ ಅದರಿಂದ ಏನಾದರೂ ಸಿಕ್ಕಿತೇ?’)

ಬಿಚ್ಚಿತು, ಆದರೆ ಎರಡು ಸಲಕ್ಕೆ. ಫಿನ್ನಿ ಬೂಟು ಬಿಚ್ಚಿಟ್ಟ ಎಂಟೇ ತಿಂಗಳಿಗೆ, 1961ರ ಜನವರಿಯಲ್ಲಿ, ಆಟಗಾರರ ಸಂಘದ ಜಿಮ್ಮಿ ಹಿಲ್ ನೇತೃತ್ವದಲ್ಲಿ ಆಟಗಾರರು ಮುಷ್ಕರದ ಅಂಚಿಗೆ ಹೋದ ಮೇಲೆ ಸಂಬಳದ ಮಿತಿ ರದ್ದಾಯಿತು. ಫುಲ್ಹ್ಯಾಮ್ ಕ್ಲಬ್ಬಿನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. ‘ಉಳಿಸಿಕೊಳ್ಳುವ’ ಪದ್ಧತಿ ಮಾತ್ರ ಇನ್ನೂ ಉಳಿದಿತ್ತು. ಅದನ್ನು ನ್ಯಾಯಾಲಯಕ್ಕೆ ಎಳೆದವರು ಜಾರ್ಜ್ ಈಸ್ಟ್‌ಹ್ಯಾಮ್. ನ್ಯೂಕಾಸಲ್ ತಮ್ಮನ್ನು ಬಿಡಲು ಒಪ್ಪದಿದ್ದಾಗ ಆಟ ಬಿಟ್ಟು ಬೇರೆ ಕೆಲಸಕ್ಕೆ ಸೇರಿದರು. ಕೊನೆಗೆ ಕ್ಲಬ್ಬಿನವರು ಅವರನ್ನು ಆರ್ಸೆನಲ್ಲಿಗೆ ಬಿಟ್ಟುಕೊಟ್ಟರು. ತಮ್ಮ ಕೆಲಸ ಆಯಿತೆಂದು ಈಸ್ಟ್‌ಹ್ಯಾಮ್ ಸುಮ್ಮನಾಗಲಿಲ್ಲ, ಮೊಕದ್ದಮೆ ಮುಂದುವರಿಸಿದರು. 1963ರ ಜುಲೈಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು. ಈ ಪದ್ಧತಿ ದುಡಿಯುವ ಹಕ್ಕಿನ ಮೇಲಿನ ಅನ್ಯಾಯದ ನಿರ್ಬಂಧ ಎಂಬುದು ಅದರ ಸಾರ.

ಆ ತೀರ್ಪು ಬಂದು ಮೂರು ತಿಂಗಳೂ ಆಗಿರಲಿಲ್ಲ. ಬೆಲ್‌ಫಾಸ್ಟಿನ ಡಿಸ್ಟಿಲರಿ ಎಂಬ ಸಣ್ಣ ಕ್ಲಬ್ಬಿಗೆ ಯುರೋಪಿಯನ್ ಕಪ್ಪಿನಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ಎದುರಾಳಿಯಾಗಿ ಬಂತು. ಯುಸೆಬಿಯೋ ಇದ್ದ ತಂಡ, 1961 ಮತ್ತು 1962ರ ಯುರೋಪ್ ಚಾಂಪಿಯನ್. ಡಿಸ್ಟಿಲರಿಯ ಮ್ಯಾನೇಜರ್ ಹೆಸರೂ ಜಾರ್ಜ್ ಈಸ್ಟ್‌ಹ್ಯಾಮ್, ಮೊಕದ್ದಮೆ ಗೆದ್ದ ಈಸ್ಟ್‌ಹ್ಯಾಮರ ತಂದೆ. ಆಟ ಬಿಟ್ಟು ಮೂರು ವರ್ಷವಾಗಿದ್ದ ಫಿನ್ನಿ ಆ ಒಂದು ಪಂದ್ಯಕ್ಕೆ ಒಪ್ಪಿಕೊಂಡರು. ಹದಿನೇಳು ವರ್ಷಗಳ ಹಿಂದೆ ಇಂಗ್ಲೆಂಡಿಗಾಗಿ ಮೊದಲ ಬಾರಿ ಆಡಿದ ಅದೇ ಊರಿನಲ್ಲಿ, 41ನೆಯ ವಯಸ್ಸಿನಲ್ಲಿ, ಬೇರೊಂದು ಕ್ಲಬ್ಬಿನ ಅಂಗಿ ತೊಟ್ಟು ಇಳಿದರು. ಪಂದ್ಯ 3–3ರಲ್ಲಿ ಸಮವಾಯಿತು.